ಆರನೇದು ಮಲಗಿತಾ?

ಗುಡ್ಡದ ಮೇಲೆ ಮೋಡ ಇಳಿದ ದಿನ ನನ್ನ ತಮ್ಮನ ಫೋನು ಬರುತ್ತಿತ್ತು. ಹೇಗಿದ್ದೀಯ, ಊಟ ಆಯ್ತಾ, ಯಾವುದೂ ಇಲ್ಲ. “ಅಕ್ಕಾ, ಆರನೇದು ಮಲಗಿತಾ?” ಅಷ್ಟೇ.

ನಾನು ಅಡುಗೆಮನೆ ಕಿಟಕಿಯ ಗಾಜು ಒರೆಸಿ ಕತ್ತೆತ್ತಿ ನೋಡುತ್ತಿದ್ದೆ. ಗಾಳಿಯಂತ್ರದ ರೆಕ್ಕೆ ತಿರುಗದೆ ಇದ್ದರೆ “ಮಲಗಿದೆ” ಅನ್ನಬೇಕು. ತಿರುಗುತ್ತಿದ್ದರೆ “ಎದ್ದಿದೆ” ಅನ್ನಬೇಕು. ಮಲಗಿದೆ ಅಂದರೆ ಅವನು ಕಂಬದ ಒಳಗಿನ ಏಣಿ ಹತ್ತುತ್ತಿದ್ದ. ಎದ್ದಿದೆ ಅಂದರೆ ಬುಡದ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತ ಕಾಯುತ್ತಿದ್ದ. ಯಂತ್ರಗಳ ರಿಪೇರಿ ಅವನ ಕಸುಬು. ಓಣಿಯಲ್ಲಿ ಅವನನ್ನು ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ಏಣಿ ಅಂತಲೇ ಕರೆಯುತ್ತಿದ್ದರು.

ಗುಡ್ಡದ ನೆತ್ತಿಯಲ್ಲಿ ಅಂಥ ಯಂತ್ರಗಳು ಸಾಲಾಗಿ ಇವೆ. ನಮ್ಮದು ಓಣಿಯ ಕೊನೆ ಮನೆ. ಅಲ್ಲಿಂದ ಮುಂದೆ ಕಲ್ಲು, ಒಣಹುಲ್ಲು, ಆಮೇಲೆ ನಮ್ಮ ತಲೆಯ ಮೇಲೇ ಅನ್ನುವ ಹಾಗೆ ಆರನೇದು. ಆಫೀಸು ಗುಡ್ಡದ ಆಚೆ ಮಗ್ಗುಲಿಗಿದೆ. ಅಲ್ಲಿ ಪರದೆಯ ಮೇಲೆ ಎಲ್ಲ ಕಾಣುತ್ತದಂತೆ, ಆದರೆ ಆರನೇದಕ್ಕೆ ಹೋಗುವ ತಂತಿ ಆಗಾಗ ಕೆಡುತ್ತಿತ್ತು. ಮೋಡ ಇದ್ದಾಗ ಬುಡದಲ್ಲಿ ನಿಂತವನಿಗೂ ಮೇಲೇನಿದೆ ಅಂತ ತಿಳಿಯದು. ನಮ್ಮ ಕಿಟಕಿಯಿಂದ ಓರೆಯಾಗಿ ನೋಡಿದರೆ ಮಾತ್ರ, ಮೋಡದ ಅಂಚಿನ ಕೆಳಗೆ ರೆಕ್ಕೆಯ ತುದಿ ಬಂದು ಮರೆಯಾಗುವುದು ಕಾಣುತ್ತದೆ. ಅದಕ್ಕೂ ಸ್ವಲ್ಪ ಹೊತ್ತು ಕಣ್ಣು ನೆಟ್ಟು ನಿಲ್ಲಬೇಕು. ಇಣುಕಿ ಬಂದರೆ ಸಾಲದು.

“ನಿಂತಿದೆಯಾ ಅಂತ ಕೇಳಿದ್ರೆ ನಿನ್ನ ನಾಲಗೆ ಸವೆಯುತ್ತಾ?” ಅಂತ ಮೊದಮೊದಲು ನಾನೇ ಅವನನ್ನು ಕೇಳಿದ್ದೆ.

“ನಿಂತಿದೆ ಅಂದ್ರೆ ರೆಕ್ಕೆ ನಿಂತಿದೆ ಅಂತಲೋ, ಕಂಬ ಬೀಳದೆ ನಿಂತಿದೆ ಅಂತಲೋ? ಗುಡ್ಡದ ಮೇಲೆ ಆ ಮಾತು ಆಡೋ ಹಾಗಿಲ್ಲ ಅಕ್ಕ. ಹಳಬರು ಹಾಕಿದ ಕಟ್ಟು” ಅಂದಿದ್ದ.

ಮನೆಯಲ್ಲಿ ಇನ್ನೊಬ್ಬರಿದ್ದರು. ನನ್ನ ಗಂಡನ ಅಣ್ಣ, ನಮಗಿಬ್ಬರಿಗೂ ಭಾವ. ಕಲ್ಲಿದ್ದಲು ಸುಡುವ ಪವರ್ ಹೌಸಿನಲ್ಲಿ ಬಾಯ್ಲರ್ ಮುಂದೆ ಆಯುಷ್ಯ ಕಳೆದವರು. ನನ್ನ ಗಂಡನೂ ಅಲ್ಲೇ ಇದ್ದ, ಕೊನೆಗೆ ಕರ್ರಗೆ ಕೆಮ್ಮಿ ಕೆಮ್ಮಿ ಹೋದ. ಭಾವನ ಎದೆಯೂ ನೆಟ್ಟಗಿರಲಿಲ್ಲ, ಮಾತಿನ ನಡುವೆ ಸಿಳ್ಳೆ ಹಾಕುತ್ತಿತ್ತು. ಮಕ್ಕಳು ಬೆನ್ನ ಹಿಂದೆ ಬಾಯ್ಲರ್ ಅನ್ನುತ್ತಿದ್ದರು. ಅವರಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು ಅಂತ ಕಾಣುತ್ತದೆ. ಗಾಳಿಯಂತ್ರ ಬಂದ ಮೇಲೆ ಪವರ್ ಹೌಸು ಮುಚ್ಚಿತು. ಅದನ್ನು ಅವರು ಮರೆಯಲಿಲ್ಲ.

ಹಾಗಾಗಿ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಕೋರ್ಟು ಕೂತ ಹಾಗೆ.

ಒಮ್ಮೆ ಭಾವ ಹಳೇ ಪೇಪರಿನಲ್ಲಿ ಸುತ್ತಿ ಏನನ್ನೋ ತಂದು ತಮ್ಮನ ತಟ್ಟೆಯ ಪಕ್ಕ ಇಟ್ಟರು. ಬಿಚ್ಚಿದರೆ ಸತ್ತ ಬಾವಲಿ.

“ಇದೇನು ಭಾವ, ಊಟದ ಹೊತ್ತಿಗೆ ಹೆಣ!”

“ನಿನ್ನ ಫ್ಯಾನಿನ ಬುಡದಲ್ಲಿ ಬಿದ್ದಿತ್ತು. ಮೈಮೇಲೆ ಒಂದು ಗಾಯ ಇಲ್ಲ ನೋಡು. ಗಾಳಿ ಬಡಿದೇ ಸತ್ತಿದೆ. ಮೊನ್ನೆ ಒಂದು ಹದ್ದು ಎರಡು ತುಂಡಾಗಿ ಬಿದ್ದಿತ್ತು.”

“ನಿಮ್ಮ ಪವರ್ ಹೌಸಿನ ಬೂದಿ ಎಷ್ಟು ಜನರ ಎದೆಯೊಳಗೆ ಹೋಯ್ತು? ಅದನ್ನ ಪೇಪರಲ್ಲಿ ಸುತ್ತಿ ತರೋಕೆ ಆಗುತ್ತಾ?”

ಭಾವ ಬಾವಲಿಯನ್ನು ಮತ್ತೆ ಸುತ್ತುತ್ತ ಬೇರೆ ದಾರಿ ಹಿಡಿದರು. “ಅದಿರಲಿ. ಹೋದ ಬೇಸಿಗೆ ಎಲೆ ಅಲ್ಲಾಡಲಿಲ್ಲ, ಕರೆಂಟೂ ಇಲ್ಲ. ನಾವು ಮೇಣದಬತ್ತಿ ಹಚ್ಚಿಕೊಂಡು ಕೂತೆವು. ಈಗ ಗಾಳಿ ಬೀಸುತ್ತೆ, ಜೋರಾಯ್ತು ಅಂತ ನೀವೇ ಅದನ್ನ ಮಲಗಿಸ್ತೀರಿ. ಗಾಳಿ ಇಲ್ಲದಿದ್ದರೂ ಕೆಲಸ ಇಲ್ಲ, ಜಾಸ್ತಿ ಆದರೂ ಕೆಲಸ ಇಲ್ಲ. ಮನೆಅಳಿಯನನ್ನ ಸಾಕಿದ ಹಾಗಾಯ್ತು.”

ತಮ್ಮನಿಗೆ ನಗು ತಡೆಯಲಾಗಲಿಲ್ಲ. “ಅದರ ಸೊಕ್ಕು ಅದಕ್ಕೆ ಭಾವ. ಆದರೆ ಅದು ಕಲ್ಲಿದ್ದಲು ಕೇಳಲ್ಲ, ಹೊಗೆ ಬಿಡಲ್ಲ, ಬೂದಿ ಹಾಕಲ್ಲ. ಸುಮ್ಮನೆ ಹೋಗೋ ಗಾಳೀನ ಹಿಡಿದು ದೀಪ ಮಾಡಿ ಕೊಡುತ್ತೆ. ನಿಮ್ಮ ಎದೆಗೆ ಆಸ್ಪತ್ರೇಲಿ ಆವಿ ಕೊಡ್ತಾರಲ್ಲ, ಆ ಯಂತ್ರ ಓಡೋದೂ ಇದರಿಂದಲೇ.”

“ಒಂದು ದಿನ ಬೀಳುತ್ತೆ ನೋಡ್ತಿರು. ಕಂಬ ಮುರ್ಕೊಂಡು ಬಂದು ನಿನ್ನ ಅಕ್ಕನ ಒಲೆ ಮೇಲೆ ಬೀಳುತ್ತೆ.”

“ಬಿದ್ದಾಗ ಪೇಪರಲ್ಲಿ ಸುತ್ತಿ ಇಡಿ.”

ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಇಬ್ಬರದೂ ಸರಿ ಅನ್ನುತ್ತಿದ್ದೆ. ಪವರ್ ಹೌಸಿದ್ದಾಗ ಒಗೆದ ಬಟ್ಟೆ ತಂತಿಯ ಮೇಲೆ ಒಣಗುವಷ್ಟರಲ್ಲಿ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಈಗ ಬಿಳಿದು ಬಿಳಿಯಾಗಿಯೇ ಒಣಗುತ್ತದೆ. ಆದರೆ ಬಿಸಿಲಿದ್ದ ಬೆಳಗ್ಗೆ ರೆಕ್ಕೆಗಳ ನೆರಳು ಅಡುಗೆಮನೆಯೊಳಗೆ ಬರುತ್ತದೆ. ಬೆಳಕು, ಕತ್ತಲೆ, ಬೆಳಕು, ಕತ್ತಲೆ. ಕೈಯಲ್ಲಿ ಚಾಕು ಹಿಡಿದವಳಿಗೆ ಬೆರಳು ಯಾವುದು ತರಕಾರಿ ಯಾವುದು ತಿಳಿಯದು. ಕಿಟಕಿಗೆ ಬೆನ್ನು ಹಾಕಿ ಹೆಚ್ಚುವುದನ್ನು ರೂಢಿ ಮಾಡಿಕೊಂಡೆ. ಮತ್ತೆ ಆ ಸದ್ದು. ಯಾರೋ ಪಕ್ಕದ ಕೋಣೆಯಲ್ಲಿ ಕೂತು ಕಥೆ ಕೇಳುತ್ತ ಹೂಂ, ಹೂಂ, ಹೂಂ ಅನ್ನುತ್ತಿರುವ ಹಾಗೆ. ಹಗಲೂ ರಾತ್ರಿಯೂ ಅದೇ. ಕಥೆ ಹೇಳುವವರು ಯಾರು ಅಂತ ಮಾತ್ರ ಗೊತ್ತಿಲ್ಲ.

ಆ ವರ್ಷ ಗಾಳಿಗಾಲಕ್ಕೆ ಮುಂಚೆ ತಮ್ಮ ಒಂದು ಸಂಜೆ ಊಟ ಬಿಟ್ಟು ಯೋಚಿಸುತ್ತ ಕೂತಿದ್ದ. “ಏನೋ?” ಅಂದೆ.

“ಆರನೇದರ ಬ್ರೇಕು ಸವೆದು ಹೋಗಿದೆ ಅಕ್ಕ. ಸೋಪು ಕೊನೇಗೆ ಹೇಗಾಗುತ್ತೆ, ಹಾಗೆ. ಹೊಸದು ಬರಬೇಕು. ಆಫೀಸಿನ ಮೇಡಂ ಬರೆದು ಬರೆದು ಸಾಕಾಗಿದಾರೆ.”

“ಬರೋ ತನಕ?”

“ದೊಡ್ಡ ಗಾಳಿ ಬರುತ್ತೆ ಅಂತ ತಿಳಿದ ಕೂಡಲೇ ಆಫೀಸಿನಿಂದ ಅದನ್ನ ಮಲಗಿಸ್ತಾರೆ. ನಾನು ಹತ್ತಿ ಹೋಗಿ ಅಚ್ಚಿಗೆ ಕಬ್ಬಿಣದ ಗೂಟ ಹಾಕಿ ಬರ್ತೀನಿ, ಮತ್ತೆ ಏಳದ ಹಾಗೆ.”

“ಮಲಗದೇ ಇದ್ದರೆ?”

ಅವನು ನನ್ನ ಮುಖ ನೋಡಿ ಹೇಳಿದ. “ಆಗ ಯಾರೂ ಹತ್ತಬಾರದು. ಬ್ರೇಕು ಹಿಡಿಯಲ್ಲ, ವೇಗ ಏರ್ತಾ ಹೋಗುತ್ತೆ. ರೆಕ್ಕೆ ಕಳಚಿ ಹಾರಬಹುದು, ತಲೆಯೇ ಕಿತ್ತು ಬರಬಹುದು. ಒಳಗಿರೋನು ಮುಗಿದ ಹಾಗೇ. ಆಗ ದೂರ ಓಡೋದೊಂದೇ ಕೆಲಸ.”

ಅದಾದ ಮೇಲೆ ಆ ಫೋನು ಬಂದಾಗಲೆಲ್ಲ ನಾನು ಕಿಟಕಿಯಲ್ಲಿ ಮೊದಲಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದೆ.

ಆ ದಿನ ಬೆಳಗ್ಗೆಯಿಂದ ಆಕಾಶ ಪಾತ್ರೆ ತೊಳೆದ ನೀರಿನ ಬಣ್ಣಕ್ಕಿತ್ತು. ಗಾಳಿ ಮಾರನೇ ದಿನ ಬರುತ್ತದೆ ಅಂತ ರೇಡಿಯೋದಲ್ಲಿ ಹೇಳಿದ್ದರು. ಅದು ಕಾಯಲಿಲ್ಲ, ಮಧ್ಯಾಹ್ನಕ್ಕೇ ಬಂತು. ಮೊದಲು ಗುಡ್ಡದ ಹುಲ್ಲು ಒಂದೇ ಕಡೆಗೆ ಮಲಗಿತು. ಆಮೇಲೆ ಮೋಡ ಇಳಿದು ಯಂತ್ರಗಳ ತಲೆ ನುಂಗಿತು. ಇಬ್ಬರು ಜೊತೆಯಾಗಿ ಹತ್ತಬೇಕು ಅಂತ ನಿಯಮ. ಹೊತ್ತಿಲ್ಲ ಅಂತ ತಮ್ಮನೂ ಅವನ ಜೊತೆಗಾರನೂ ಕೆಲಸ ಹಂಚಿಕೊಂಡಿದ್ದರು. ಜೊತೆಗಾರ ಐದನೇದಕ್ಕೆ, ಇವನು ಆರನೇದಕ್ಕೆ.

ಅಷ್ಟರಲ್ಲಿ ಬೇಕರಿಯವನ ಹೆಂಡತಿ ಓಣಿಯಿಂದ ಕೂಗಿದಳು. ಅವರ ತಗಡಿನ ಚಾವಣಿ ಒಂದು ಮೂಲೆಯಲ್ಲಿ ಎದ್ದು ಪಟಪಟ ಬಡಿಯುತ್ತಿತ್ತು. ನಾನು ಓಡಿ ಹೋಗಿ ಹಗ್ಗ ಹಿಡಿದುಕೊಂಡೆ. ಅವಳ ಗಂಡ ಏಣಿಯ ಮೇಲೆ, ನಾವಿಬ್ಬರು ಕೆಳಗೆ. ಗಾಳಿ ಮಾತು ಕಿತ್ತುಕೊಂಡು ಹೋಗುತ್ತಿತ್ತು. ಕಟ್ಟಿ ಮುಗಿಸಿ ಅಂಗೈ ಉಜ್ಜಿಕೊಳ್ಳುತ್ತ ಮನೆಗೆ ಬಂದೆ.

ಭಾವ ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಮುಖದಲ್ಲಿ ಏನೋ ಒಂದು ದೊಡ್ಡತನ.

“ನಿನ್ನ ತಮ್ಮ ಫೋನ್ ಮಾಡಿದ್ದ ಕಣಮ್ಮ. ಇವತ್ತು ದೊಡ್ಡವರ ಹತ್ತಿರ ಮಾತಾಡೋ ಹಾಗೆ ಮಾತಾಡಿದ.”

“ಏನಂದ?”

“ಮಲಗಿತಾ ಗಿಲಗಿತಾ ಅಂತ ಕೇಳಲಿಲ್ಲ. ಕೇಳಿದ್ರೆ ತೊಟ್ಟಿಲು ತೂಗು ಹೋಗು ಅಂತಿದ್ದೆ, ಅದು ಅವನಿಗೂ ಗೊತ್ತು. ‘ಭಾವ, ಆರನೇದು ನಿಂತಿದೆಯಾ’ ಅಂದ.”

ನನ್ನ ಕೈ ಉಜ್ಜುವುದು ನಿಂತಿತು. “ನೀವೇನಂದಿರಿ?”

“ಕಿಟಕೀಲಿ ನೋಡಿದೆ. ನನ್ನ ಬಾಯಿಂದ ಈ ಮಾತು ಬರಬೇಕಾಯ್ತಲ್ಲ ಅಂತ ಹೊಟ್ಟೆ ಉರೀತು. ಆದರೂ ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ. ‘ನಿಂತಿದೆ ಕಣಯ್ಯ, ಇಂಥಾ ಗಾಳೀಲೂ ನಿಂತಿದೆ, ಒಂದಿಷ್ಟೂ ಅಲ್ಲಾಡಿಲ್ಲ’ ಅಂದೆ. ‘ಸರಿ ಭಾವ’ ಅಂತ ಇಟ್ಟ.”

ನಾನು ಕಿಟಕಿಗೆ ಹೋದೆ. ಗಾಜು ಒರೆಸುವ ಅಗತ್ಯ ಬೀಳಲಿಲ್ಲ. ಕಂಬದ ಕೆಳಗಿನರ್ಧ ಬೆಳ್ಳಗೆ, ನೆಟ್ಟಗೆ ಇತ್ತು. ಮೇಲಿನರ್ಧ ಮೋಡದಲ್ಲಿತ್ತು. ಆ ಮೋಡದ ಅಂಚು ಕೊಯ್ದುಕೊಂಡು ರೆಕ್ಕೆಯ ತುದಿ ಬಂತು, ಹೋಯಿತು. ಇನ್ನೊಂದು ಬಂತು. ಹಿಂದೆಯೇ ಇನ್ನೊಂದು. ಅಷ್ಟು ಬೇಗ ಬರುವುದನ್ನು ನಾನು ಕಂಡಿರಲಿಲ್ಲ. ಆಗಲೇ ನನಗೆ ಸದ್ದಿನ ಮೇಲೂ ಗಮನ ಹೋಯಿತು. ಹೂಂ ಹೂಂ ಅನ್ನುವ ಸದ್ದು ಇರಲಿಲ್ಲ. ಹೂಂಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಒಂದೇ ಎಳೆತ ಆಗಿತ್ತು. ಒಲೆಯ ಮೇಲಿನ ಮುಚ್ಚಳ ತನ್ನಷ್ಟಕ್ಕೆ ತಾನು ಸಣ್ಣಗೆ ಗುಂಯ್‌ಗುಡುತ್ತಿತ್ತು.

“ಭಾವ, ಎದ್ದಿದೆ.”

“ಯಾರು?”

“ಅವನು ಕೇಳಿದ್ದು ರೆಕ್ಕೆ. ನೀವು ಹೇಳಿದ್ದು ಕಂಬ.”

ಅವರು ಎದ್ದು ಬಂದು ನನ್ನ ಹೆಗಲ ಮೇಲಿಂದ ನೋಡಿದರು. ಅವರ ಎದೆಯ ಸಿಳ್ಳೆ ನನ್ನ ಕಿವಿಯ ಪಕ್ಕದಲ್ಲೇ ನಿಂತುಹೋಯಿತು. ಉಸಿರೇ ಬಿಡುತ್ತಿಲ್ಲವೇನೋ ಅನ್ನಿಸಿತು.

ತಮ್ಮನ ಫೋನಿಗೆ ಮಾಡಿದೆ. ಕಬ್ಬಿಣದ ಕಂಬದೊಳಗೆ ಹೋದವನಿಗೆ ಫೋನು ಸಿಗುವುದಿಲ್ಲ, ಗೊತ್ತಿದ್ದೂ ಮಾಡಿದೆ. ಆಮೇಲೆ ಆಫೀಸಿಗೆ ಮಾಡಿದೆ. ಮೇಡಂ ಎತ್ತಿದರು.

“ಹತ್ತಬೇಡಿ ಅಂತ ಹೇಳಿ ಅವರಿಗೆ! ನಿಲ್ಲಿಸೋ ಅಪ್ಪಣೆ ಕಳಿಸಿದೀನಿ, ಆದರೆ ತಂತಿ ಕೆಟ್ಟಿದೆ, ಅದಕ್ಕೆ ಮುಟ್ಟಿದೆಯೋ ಇಲ್ಲವೋ ನನಗೆ ಕಾಣ್ತಿಲ್ಲ.”

“ಮುಟ್ಟಿಲ್ಲ ಮೇಡಂ. ತಿರುಗ್ತಿದೆ. ಅವನು ಹತ್ತಿ ಆಗಿದೆ.”

ಆ ಕಡೆ ಕುರ್ಚಿ ಎಳೆದ ಸದ್ದು ಕೇಳಿಸಿತು. “ನಾನು ಜೊತೆಗಾರನಿಗೆ ಸುದ್ದಿ ಮುಟ್ಟಿಸೋಕೆ ನೋಡ್ತೀನಿ. ನೀವು ಯಾರೂ ಹತ್ತಿರ ಹೋಗಬೇಡಿ. ಕೇಳಿಸ್ತಾ? ಅದರ ಬುಡಕ್ಕೆ ಯಾರೂ—”

ಭಾವ ಆಗಲೇ ಅಂಗಳದಲ್ಲಿದ್ದರು. ಗೋಡೆಗೆ ಒರಗಿಸಿದ್ದ ಹಾರೆಕೋಲು ಅವರ ಕೈಯಲ್ಲಿತ್ತು.

“ಬಾಯ್ಲರ್ ಒಳಗೆ ಇಳಿದವನಿಗೆ ಕೂಗಿದರೆ ಕೇಳಲ್ಲ. ಹೊರಗಿನಿಂದ ಕಬ್ಬಿಣಕ್ಕೆ ಬಡೀತಿದ್ವಿ. ಮೂರು ಸಲ ಬಡಿದರೆ ಹೊರಗೆ ಬಾ ಅಂತ. ಬಾ ನೀನು.”

ಗುಡ್ಡ ಹತ್ತಿದ್ದು ಹೇಗೆ ಅಂತ ನನಗೆ ಈಗಲೂ ಸರಿಯಾಗಿ ನೆನಪಿಲ್ಲ. ಮಿಕ್ಕದ್ದೆಲ್ಲ ನೆನಪಿದೆ, ಇದೊಂದು ಇಲ್ಲ. ಭಾವ ನನ್ನ ಮುಂದೆ ಇದ್ದರು, ಅದು ಗೊತ್ತು. ಮನೆಯ ಮೆಟ್ಟಿಲು ಹತ್ತಲು ಎರಡು ಕಡೆ ನಿಲ್ಲುವ ಮನುಷ್ಯ ಹಾರೆ ಹೊತ್ತು ನನ್ನ ಮುಂದೆ ಇದ್ದರು. ಗಾಳಿ ನಮ್ಮ ಬೆನ್ನಿಗೆ ಬೀಳುತ್ತಿರಲಿಲ್ಲ, ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕುತ್ತಿತ್ತು.

ಬುಡದಲ್ಲಿ ಕಂಬದ ಬಾಗಿಲು ತೆರೆದು ಹಾಕಿತ್ತು. ಮೆಟ್ಟಿಲ ಮೇಲೆ ತಮ್ಮನ ಚಹಾದ ಬಾಟಲಿ ಇತ್ತು, ಮುಚ್ಚಳ ಬಿಗಿಯಾಗಿ ಹಾಕಿದ ಹಾಗೇ ಇತ್ತು. ಅಲ್ಲಿ ನಿಂತಾಗ ನನಗೊಂದು ತಿಳಿಯಿತು. ಬಾಗಿಲ ಸಂದಿಯಲ್ಲಿ ಗಾಳಿ ಕಿರುಚುವುದು ಬಿಟ್ಟರೆ ಅಲ್ಲಿ ಬೇರೇನೂ ಕೇಳಿಸದು. ನಮ್ಮ ಅಡುಗೆಮನೆಯಲ್ಲಿ ಕೇಳಿಸುವಷ್ಟೂ ಕೇಳಿಸದು.

ಒಳಗೆ ತಲೆ ಹಾಕಿ ಮೇಲೆ ನೋಡಿದೆ. ಕತ್ತಲೆ, ಬಾವಿಯನ್ನು ತಲೆಕೆಳಗು ಮಾಡಿ ನಿಲ್ಲಿಸಿದ ಹಾಗೆ. ಬಲು ಎತ್ತರದಲ್ಲಿ ಒಂದು ಸಣ್ಣ ಬೆಳಕು. ಅವನ ಹಣೆಗೆ ಕಟ್ಟಿದ ದೀಪ. ಏಣಿಯ ಮೇಲೆ ಒಂದೊಂದೇ ಹೆಜ್ಜೆ ಏರುತ್ತಿತ್ತು. ನಾನು ಅವನ ಹೆಸರು ಹಿಡಿದು ಕೂಗಿದೆ. ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹೆಸರನ್ನೂ ಕೂಗಿದೆ. ಆ ಕೂಗು ನನ್ನ ಬಾಯಿಂದ ಎರಡಾಳು ಮೇಲಕ್ಕೂ ಹೋಗಲಿಲ್ಲ.

ಭಾವ ಕಂಬಕ್ಕೆ ಹಾರೆಯಿಂದ ಹೊಡೆದರು. ಧಣ್, ಧಣ್, ಧಣ್. ನಿಲ್ಲಿಸಿದರು. ಮತ್ತೆ ಮೂರು. ಇಡೀ ಕಂಬ ಘಂಟೆಯ ಹಾಗೆ ನಡುಗಿತು.

ಬೆಳಕು ನಿಂತಿತು.

“ನಿಂತ! ಕೇಳಿಸ್ತು ಭಾವ, ನಿಂತ!”

ಅವರು ಇನ್ನೂ ಜೋರಾಗಿ ಹೊಡೆದರು. ನಾನು ಆ ಬೆಳಕನ್ನೇ ನೋಡುತ್ತಿದ್ದೆ. ಅದು ಈಗ ಕೆಳಗೆ ಬರುತ್ತದೆ ಅಂತ ನೋಡುತ್ತಿದ್ದೆ. ಅದು ಒಮ್ಮೆ ಕೆಳಗೆ ಬಾಗಿತು, ಒಮ್ಮೆ ಮೇಲೆ ನೋಡಿತು. ಆಮೇಲೆ ಮೇಲಕ್ಕೆ ಹೊರಟಿತು. ಮೊದಲಿನ ಹಾಗೆ ಅಲ್ಲ, ಓಡುವವನ ಹಾಗೆ. ಭಾವ ಹೊಡೆದಷ್ಟೂ ಅದು ಬೇಗ ಬೇಗ ಏರಿತು. ಕೊನೆಗೆ ಮೇಲೊಂದು ಬಾಗಿಲು ತೆರೆದುಕೊಂಡು ಅದನ್ನು ಒಳಗೆ ಎಳೆದುಕೊಂಡಿತು.

“ಹೊಡೀಬೇಡಿ” ಅಂದೆ. “ಸಾಕು. ಹೊಡೀಬೇಡಿ.”

ಭಾವನ ಕೈಯಿಂದ ಹಾರೆ ತಾನಾಗಿ ಜಾರಿತು. ಅವರು ಕಂಬಕ್ಕೆ ಬೆನ್ನು ಕೊಟ್ಟು ಕುಸಿದರು. ತುಟಿ ನೀಲಿಯಾಗಿತ್ತು. ನಾನು ಅವರ ಪಕ್ಕದಲ್ಲಿ ಕೂತು ಕಬ್ಬಿಣದ ಮೇಲೆ ಅಂಗೈ ಇಟ್ಟೆ. ಒಳಗೆ ಯಾವುದೋ ಪ್ರಾಣಿ ಹಲ್ಲು ಕಡಿಯುತ್ತಿರುವ ಹಾಗೆ ಅದು ಅದುರುತ್ತಿತ್ತು. ಮೋಡದೊಳಗಿಂದ ಬಾಗಿಲಿನಷ್ಟಗಲದ ಒಂದು ಬಿಳಿ ತುಂಡು ತಿರುಗುತ್ತ ಬಂದು ನಮ್ಮಿಂದ ಆಚೆ ಹುಲ್ಲಿನ ಮೇಲೆ ಬಿತ್ತು. ರೆಕ್ಕೆಯ ಸಿಪ್ಪೆ. ಓಡೋಣ ಅಂತ ಇಬ್ಬರೂ ಅನ್ನಲಿಲ್ಲ. ಭಾವ ಓಡುವ ಸ್ಥಿತಿಯಲ್ಲಿರಲಿಲ್ಲ, ನನಗೆ ಅದು ಹೊಳೆಯಲೂ ಇಲ್ಲ.

ಎಷ್ಟು ಹೊತ್ತು ಹಾಗೆ ಕೂತೆವೋ. ಒಮ್ಮೆ ಮೇಲೆ ದೊಡ್ಡದೊಂದು ನರಳಾಟ ಕೇಳಿಸಿತು. ತುಕ್ಕು ಹಿಡಿದ ದೊಡ್ಡ ಬಾಗಿಲು ತೆರೆದ ಹಾಗೆ. ನಿಂತು, ಮತ್ತೆ ನರಳಿ, ಮತ್ತೆ ನಿಂತು. ಅಂಗೈಯಡಿಯ ಅದುರು ಸ್ವಲ್ಪ ಸ್ವಲ್ಪವೇ ಸಡಿಲವಾಯಿತು. ಮೋಡದ ಅಂಚಿನಲ್ಲಿ ರೆಕ್ಕೆಯ ತುದಿ ಕಂಡಿತು. ಬಂತು, ಹೋಯಿತು. ಬಲು ಹೊತ್ತಾದ ಮೇಲೆ ಇನ್ನೊಂದು ಬಂತು. ಆಮೇಲೆ ಯಾವುದೂ ಬರಲಿಲ್ಲ.

ಅವನು ಇಳಿದು ಬಂದಾಗ ಎರಡೂ ಅಂಗೈಯ ಚರ್ಮ ಸುಲಿದಿತ್ತು. ನಮ್ಮನ್ನು ಕಂಡು, ನೆಲದ ಮೇಲೆ ಬಿದ್ದಿದ್ದ ಹಾರೆ ನೋಡಿದ.

“ನೀವಾ ಬಡಿದಿದ್ದು?” ಅಂದ.

“ಇಳಿ ಅಂತ ಬಡಿದೆ ಕಣಯ್ಯ” ಅಂದರು ಭಾವ. ಒಂದೊಂದು ಮಾತಿಗೂ ಉಸಿರು ಹುಡುಕಬೇಕಾಗಿತ್ತು.

“ತಲೆಯ ಬೋಲ್ಟು ಸಡಿಲ ಆಗಿ ಬಡೀತಿದೆ ಅಂದ್ಕೊಂಡೆ. ಕಳಚಿ ಬೀಳೋ ಮುಂಚೆ ತಲುಪಬೇಕು ಅಂತ ಓಡಿದೆ. ರೆಕ್ಕೆ ತಿರುಗೋ ಸದ್ದೂ ಕೇಳಿಸ್ತಿತ್ತು, ಪಕ್ಕದ ಏಳನೇದು ಇರಬೇಕು ಅಂದ್ಕೊಂಡೆ. ಹೋಗಿ ನೋಡ್ತೀನಿ, ಅಚ್ಚು ಬುಗುರಿ ಆಗಿದೆ. ಬಿಸಿಗೆ ಬಣ್ಣ ಸುಟ್ಟ ವಾಸನೆ.” ಅವನು ಸುಲಿದ ಕೈ ನೋಡಿಕೊಂಡ. “ಇಳಿಯೋಣ ಅಂದ್ಕೊಂಡೆ. ಇಳಿಯೋದರೊಳಗೆ ಕಿತ್ತು ಬಂದರೆ ಕೆಳಗೆ ನಮ್ಮ ಓಣಿ. ಕೈಹಿಡಿ ಹಾಕಿ ಅದರ ಮುಖಾನ ಗಾಳಿಯಿಂದ ಪಕ್ಕಕ್ಕೆ ತಿರುಗಿಸಿಬಿಟ್ಟೆ. ಚಕ್ರದ ಒಂದೊಂದೇ ಹಲ್ಲು ದಾಟಿಸ್ತಾ ತಿರುಗಿಸಿದೆ. ಗಾಳಿ ಸಿಗದೆ ತಾನೇ ಸುಸ್ತಾಯ್ತು. ಗೂಟ ಹಾಕಿ ಬಂದೆ.”

ಹೇಳಿ ಮುಗಿಸಿ ಅವನು ನಕ್ಕ. ಜೀವ ಉಳಿದ ನಗು ಹೇಗಿರುತ್ತದೆ ಅಂತ ನನಗೆ ಗೊತ್ತು. ಇದು ಆ ನಗು ಆಗಿರಲಿಲ್ಲ. ಸಣ್ಣ ಹುಡುಗನಾಗಿದ್ದಾಗ ಎತ್ತರದ ಗೋಡೆಯ ಮೇಲೆ ನಡೆದು ಆಚೆ ತುದಿ ಮುಟ್ಟಿ ತಿರುಗಿ ನೋಡುತ್ತಿದ್ದನಲ್ಲ, ಆ ನಗು.

ಮಾರನೇ ದಿನ ಮೇಡಂ ಮನೆಗೆ ಬಂದರು. ಕೂತುಕೊಳ್ಳಿ ಅಂದರೂ ಕೂರಲಿಲ್ಲ. “ಇನ್ನೊಂದು ಸಲ ತಿರುಗೋ ಯಂತ್ರ ಹತ್ತಿದರೆ ನಿಮ್ಮ ಹತ್ತೋ ಬೆಲ್ಟು ಕಿತ್ಕೋತೀನಿ” ಅಂತ ಬೈದರು. ತಮ್ಮ ತಲೆ ತಗ್ಗಿಸಿ ಹೂಂ ಅಂದ. ಭಾವನಿಗೆ ಎದೆಗೆ ಆವಿ ಕೊಡಿಸಲು ಆಸ್ಪತ್ರೆಗೆ ಕರೆದುಕೊಂಡು ಹೋದದ್ದೂ ಅವರದೇ ಗಾಡಿಯಲ್ಲಿ.

ಆದರೆ ಓಣಿ ಹೂಂ ಅಂದು ಸುಮ್ಮನಿರಲಿಲ್ಲ. ಬೇಕರಿಯವನು ಬ್ರೆಡ್ಡು ಕೊಡುತ್ತ ಬಂದವರಿಗೆಲ್ಲ ಹೇಳಿದ. ತಿರುಗೋ ಫ್ಯಾನು ಹತ್ತಿ ಅದರ ಕತ್ತು ತಿರುವಿದ ಗಂಡು ನಮ್ಮ ಏಣಿ ಅಂತ. ಜೊತೆಗಾರರು ಬೆನ್ನು ತಟ್ಟಿದರು. ಯಾರೋ ಅವನಿಗೊಂದು ಹೊಸ ಟೋಪಿ ತಂದು ಹಾಕಿದರು. ತಮ್ಮ ಆ ಕಥೆಯನ್ನು ಮೊದಲು ಕೇಳಿದವರಿಗೆ ಹೇಳುತ್ತಿದ್ದ, ಆಮೇಲೆ ಕೇಳದವರಿಗೂ ಹೇಳತೊಡಗಿದ. ಒಂದೊಂದು ಸಲ ಹೇಳಿದಾಗಲೂ ಕಥೆಯಲ್ಲಿ ಹೆದರಿಕೆ ಸ್ವಲ್ಪ ಕಡಿಮೆಯಾಗುತ್ತಿತ್ತು. ಕೊನೆಕೊನೆಗೆ ಭಾವ ಬಡಿದದ್ದು ನಗೆಯ ಮಾತಾಯಿತು.

ಭಾವ ನಗಲಿಲ್ಲ. ಅವರು ಫ್ಯಾನಿನ ಸುದ್ದಿ ಎತ್ತುವುದನ್ನೇ ಬಿಟ್ಟರು. ಬೀಳುತ್ತೆ ಅನ್ನಲಿಲ್ಲ, ಬಾವಲಿ ತರಲಿಲ್ಲ. ಊಟದ ಹೊತ್ತು ಸಪ್ಪಗಾಯಿತು.

ಹೊಸ ಬ್ರೇಕಿನ ಕಥೆ ಮೇಡಂ ಬಂದು ಹೇಳಿದರು. ಅದು ಬೇಸಿಗೆಯ ಕೊನೆ, ಬಾಗಿಲ ಹೊರಗೇ ನಿಂತಿದ್ದರು.

“ಬ್ರೇಕು ಬಂದಿತ್ತಮ್ಮ. ಬೇರೆ ಗುಡ್ಡಕ್ಕೆ ಕಳಿಸಿದರು.”

“ಯಾಕೆ?”

“ಆರನೇದನ್ನ ಕೈಯಿಂದಲೇ ನಿಲ್ಲಿಸಬಹುದು ಅಂತ ಗೊತ್ತಾಯ್ತಲ್ಲ, ಅದಕ್ಕೆ ಅವಸರ ಇಲ್ಲ ಅಂದರು ಮೇಲಿನವರು. ನಾನು ಜಗಳ ಆಡಿದೆ. ನೀವು ಯಾಕೆ ಹೆದರ್ತೀರಿ, ನಿಮ್ಮವನೇ ಆಗುತ್ತೆ ಅಂತಾನಲ್ಲ ಅಂದರು. ಅವನನ್ನ ಕರೆಸಿ ಕೇಳಿದ್ದರು.” ಮೇಡಂ ನನ್ನ ಮುಖ ನೋಡಲಿಲ್ಲ. “ಆಗುತ್ತೆ ಅಂದನಂತೆ.”

ಆ ಸಂಜೆ ಅವನನ್ನು ಹಿಡಿದು ಕೇಳಿದೆ. ಅವನು ಬೂಟು ಒರೆಸುತ್ತಿದ್ದ.

“ಆಗುತ್ತೆ ಅಂದೆಯಾ?”

“ಆಯ್ತಲ್ಲ ಅಕ್ಕ.”

“ಒಂದು ಸಲ ಆಯ್ತು. ಅದೂ ತಪ್ಪಿ ಹೋಗಿ ಆಯ್ತು.”

“ಒಂದು ಸಲ ಆದದ್ದು ಇನ್ನೊಂದು ಸಲ ಆಗಲ್ವಾ? ಗಾಳಿ ಬಂದಾಗಲೆಲ್ಲ ಅದನ್ನ ಮುಂಚೆಯೇ ಮಲಗಿಸಿ ಕೂತರೆ ಪೇಟೆಗೆ ಕರೆಂಟು ಎಲ್ಲಿಂದ? ಭಾವ ಹೇಳಿದ್ದು ಸರಿ, ಮನೆಅಳಿಯನ ಹಾಗೆ ಸಾಕೋಕಾಗಲ್ಲ. ಗಾಳಿ ಇದ್ದಷ್ಟು ಹೊತ್ತು ದುಡೀಲಿ. ತೀರಾ ಜೋರಾದಾಗ ನಾನು ಹೋಗಿ ಮುಖ ತಿರುಗಿಸಿ ಬರ್ತೀನಿ.”

ಒಳಗೆ ಕೂತಿದ್ದ ಭಾವ ಅಲ್ಲಿಂದಲೇ ಅಂದರು. “ಅಯ್ಯಾ, ನಾನು ತಮಾಷೆಗೆ ಅಂದಿದ್ದೆ ಕಣೋ.”

ಮತ್ತೆ ಗಾಳಿಗಾಲ ಬಂತು. ಆ ದಿನ ತಮ್ಮ ಮನೆಯಲ್ಲೇ ಇದ್ದ. ಹುಲ್ಲು ಒಂದು ಕಡೆಗೆ ಬಾಗಿತು, ಮೋಡ ಇಳಿಯಿತು, ಮುಚ್ಚಳ ಗುಂಯ್ ಅನ್ನತೊಡಗಿತು. ಅವನು ಎದ್ದು ಬೆಲ್ಟು ಕಟ್ಟಿಕೊಂಡ. ನಾನು ಕಿಟಕಿಯಿಂದ ತಿರುಗಿ, “ಎದ್ದಿದೆ ಕಣೋ, ಹೋಗಬೇಡ” ಅಂದೆ.

“ಗೊತ್ತು. ಮಲಗಿಸೋಕೆ ತಾನೇ ಹೋಗ್ತಿರೋದು” ಅಂದ. ಹೊಸ ಟೋ‍ಪಿ ಹಾಕಿಕೊಂಡು, ಗಾಳಿಗೆ ತಲೆ ತಗ್ಗಿಸಿ, ಗುಡ್ಡದ ದಾರಿ ಹಿಡಿದ. ಹಿಂದೆ ತಿರುಗಿ ನೋಡಲಿಲ್ಲ.

ಭಾವ ಕೋಲು ಊರಿಕೊಂಡು ಬಾಗಿಲಿಗೆ ಬಂದರು. ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡಿದ್ದರು.

“ನೀವೆಲ್ಲಿಗೆ?”

“ಬುಡದಲ್ಲಿ ಕೂತಿರ್ತೀನಿ.”

“ಕೂತು ಏನು ಮಾಡ್ತೀರಿ ಭಾವ? ಬಡಿದರೂ ಕೇಳಲ್ಲ ಅವನು.”

“ಬಡಿಯೋಕಲ್ಲ” ಅಂದರು. “ಅವನೊಬ್ಬನೇ ಇರ್ತಾನಲ್ಲ, ಅದಕ್ಕೆ.”

ಅವರು ಅಂಗಳ ದಾಟುವುದಕ್ಕೇ ಎರಡು ಕಡೆ ನಿಂತರು. ಮೇಲೆ ತಮ್ಮ ಆಗಲೇ ಸಣ್ಣಗಾಗಿದ್ದ, ಮೋಡದ ಅಂಚಿಗೆ ಹತ್ತಿರವಾಗಿದ್ದ. ನಾನು ಒಲೆ ಆರಿಸಿದೆ. ಕಿಟಕಿಯ ಕಡೆ ನೋಡಲಿಲ್ಲ. ಭಾವನ ಕೋಲು ಕಲ್ಲಿನ ಮೇಲೆ ಜಾರಿದ ಸದ್ದಾಯಿತು. ಬಾಗಿಲು ಹಾಗೇ ಬಿಟ್ಟು ಹೋಗಿ ಅವರ ತೋಳು ಹಿಡಿದುಕೊಂಡೆ.